ಅಮಾವಾಸ್ಯೆಗೆ ಬಾರದ ಚಿಗರಿಗಳು

ಶಹಾಪುರದ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಆದರೆ ಚಿಗರಿಗಳ ಬಗ್ಗೆ ನನಗೆ ಗೊತ್ತಿದ್ದುದೆಲ್ಲ ನಮ್ಮ ಕಾಕಾ ಹೇಳಿಕೊಟ್ಟದ್ದು. ಪುಸ್ತಕದಲ್ಲಿ ಕೃಷ್ಣಮೃಗ ಅನ್ನುತ್ತಾರೆ. ನಮ್ಮ ಕಡೆ ಯಾರೂ ಹಾಗೆ ಕರೆಯುವುದಿಲ್ಲ. ಕಾಕಾ ಅಪ್ಪನ ತಮ್ಮ. ಬಳಿಚಕ್ರದ ಆಚೆ ಅವರ ಹೊಲ, ಹೆಸರುಕಾಳು ಮತ್ತು ತೊಗರಿ ಬಿತ್ತುತ್ತಾರೆ. ಹೊಲಕ್ಕೆ ಹೊಂದಿಕೊಂಡು ಸರ್ಕಾರದ ಬೀಳು ಜಮೀನು ಇದೆ, ಅಲ್ಲಿ ಚಿಗರಿಗಳ ಹಿಂಡು ಮೇಯುತ್ತದೆ. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಯಾದಗಿರಿಗೆ ಕರೆದೊಯ್ದು ಕಾಲೇಜಿಗೆ ಸೇರಿಸಿದವರು ಕಾಕಾ. ಅವರ ಮಾತಿಗೆ ಎದುರು ಮಾತು ನನ್ನ ಬಾಯಲ್ಲಿ ಯಾವತ್ತೂ ಬಂದದ್ದಿಲ್ಲ.

ಮೂರು ವರ್ಷದ ಹಿಂದೆ ಒಂದು ಭಾನುವಾರ ಹೊಲಕ್ಕೆ ಹೋಗಿದ್ದೆ. ಕರಿ ಬೆನ್ನಿನ ಗಂಡು ಚಿಗರಿಯೊಂದು ಮೂತಿ ಮೇಲೆತ್ತಿ, ಕೋಡನ್ನು ಬೆನ್ನಿಗೆ ಒರಗಿಸಿ, ಹೆಣ್ಣಿನ ಸುತ್ತ ಮದುಮಗನ ಹಾಗೆ ಹೆಜ್ಜೆ ಹಾಕುತ್ತಿತ್ತು. ನಾನು ಬಾಯಿ ತೆರೆದು ನೋಡುತ್ತ ನಿಂತೆ.

"ಹುಣ್ಣಿಮಿ ಹತ್ರ ಬಂತಲ್ಲ, ಅದಕ್ಕ," ಅಂದರು ಕಾಕಾ. "ಚಂದ್ರ ತುಂಬಿದಂಗ ಗಂಡಿಗಿ ಬೆದಿ ಏರತದ."

"ಅಮಾಸಿ ಮುಂದ?"

"ಒಂದೂ ಕಾಣಂಗಿಲ್ಲ. ಜಾಲಿಗಿಡದ ಹಿಂದ ಮಲಗಿರತಾವ. ಆಗ ಬಂದು ಏನ ನೋಡ್ತಿ ಯವ್ವಾ? ಬಸ್ಸಿನ್ಯಾಗ ಸುಮ್ಮನ ಹೈರಾಣ ಆಗ್ತಿ."

ನನಗೆ ಅನುಮಾನ ಬರಲಿಲ್ಲ ಅಂತಲ್ಲ. ಹುಣ್ಣಿಮೆ ತಿಂಗಳು ತಿಂಗಳೂ ಬರುತ್ತದೆ. ಮರಿಗಳು ಹೆಚ್ಚಾಗಿ ಕಾಣಿಸುವುದು ಮಾತ್ರ ವರ್ಷದ ಕೆಲವು ತಿಂಗಳಲ್ಲಿ. ಹಾಗಿದ್ದರೆ ಉಳಿದ ಹುಣ್ಣಿಮೆಗಳು ಏನು ಮಾಡುತ್ತವೆ? ಕೇಳಿಯೇಬಿಟ್ಟೆ. ಕಾಕಾ ನಕ್ಕರು. "ನೀ ಪುಸ್ತಕ ಓದಿದಾಕಿ. ನಾ ಐವತ್ತ ವರ್ಷ ಕಣ್ಣೀಲೆ ನೋಡೀನಿ." ನನಗೇ ನಾಚಿಕೆಯಾಯಿತು.

ಆವತ್ತಿನಿಂದ ಒಂದು ವಹಿ ಇಟ್ಟೆ. ಯಾವ ತಿಥಿಗೆ ಎಷ್ಟು ಚಿಗರಿ, ಎಷ್ಟು ಗಂಡು, ಕಾದಾಟ, ಬೆನ್ನಟ್ಟುವುದು ಎಲ್ಲ ಬರೆಯುತ್ತಿದ್ದೆ. ಹುಣ್ಣಿಮೆಯ ಆಸುಪಾಸು ನಾನೇ ಹೋಗುತ್ತಿದ್ದೆ. ಅಮಾವಾಸ್ಯೆಯ ಲೆಕ್ಕ ಕಾಕಾ ಫೋನಿನಲ್ಲಿ ಹೇಳುತ್ತಿದ್ದರು. "ಒಂದೂ ಇಲ್ಲ, ಬರ್ಕೊ," ಅಂದರೆ ನಾನು ಸೊನ್ನೆ ಬರೆಯುತ್ತಿದ್ದೆ. ಎರಡು ವರ್ಷ ಹೀಗೆ ನಡೆಯಿತು. ಆ ಸೊನ್ನೆಗಳಿಂದ ಚಂದದ ನಕ್ಷೆಯೊಂದನ್ನು ಮಾಡಿ ತರಗತಿಯ ಗೋಡೆಗೆ ಹಚ್ಚಿದೆ, ಮಕ್ಕಳಿಗೆ ಪಾಠ ಮಾಡಿದೆ. ಸುರಪುರದಲ್ಲಿ ಶಿಕ್ಷಕರ ತರಬೇತಿ ನಡೆದಾಗ ಅಲ್ಲೂ ತೋರಿಸಿದೆ. ಚಪ್ಪಾಳೆ ಬಿತ್ತು. ಹಿಂದಿನ ಬೆಂಚಿನಿಂದ ವಯಸ್ಸಾದ ಮೇಷ್ಟ್ರೊಬ್ಬರು ಎದ್ದು, "ಅಮಾಸಿ ದಿನ ನೀವ ಸ್ವತಃ ಹೋಗಿ ನೋಡೀರೇನ್ರಿ ಮೇಡಂ?" ಅಂತ ಕೇಳಿದರು.

"ನಮ್ಮ ಕಾಕಾ ನೋಡ್ಯಾರ್ರಿ," ಅಂದೆ. ಅವರು ತಲೆಯಾಡಿಸಿ ಕೂತರು. ಆದರೆ ಆ ಪ್ರಶ್ನೆ ಮುಳ್ಳಿನ ಹಾಗೆ ಒಳಗೇ ಮುರಿದು ಉಳಿಯಿತು.

ಹೋದ ವರ್ಷ ಒಂದು ಅಮಾವಾಸ್ಯೆಯ ದಿನ ಇಲಾಖೆಯ ಕೆಲಸಕ್ಕೆ ಯಾದಗಿರಿಗೆ ಹೋಗಿದ್ದೆ. ಕೆಲಸ ಹತ್ತೂವರೆಗೇ ಮುಗಿಯಿತು. ಕಾಕಾಗೆ ಫೋನ್ ಹಚ್ಚಿದರೆ ಎತ್ತಲಿಲ್ಲ. ಬಳಿಚಕ್ರದ ಬಸ್ಸು ಎದುರಿಗೇ ನಿಂತಿತ್ತು, ಹತ್ತಿಬಿಟ್ಟೆ.

ಮಟಮಟ ಮಧ್ಯಾಹ್ನ. ಬೀಳಿನ ಆ ತುದಿಯಲ್ಲಿ ಹನ್ನೊಂದು ಚಿಗರಿಗಳಿದ್ದವು. ಎರಡು ಗಂಡುಗಳು ಕೋಡಿಗೆ ಕೋಡು ಕೊಟ್ಟು ತಳ್ಳಾಡುತ್ತಿದ್ದವು. ಹುಣ್ಣಿಮೆಗೆ ನೋಡಿದ್ದಕ್ಕೂ ಇದಕ್ಕೂ ಕೂದಲೆಳೆಯಷ್ಟು ಫರಕಿಲ್ಲ. ನನ್ನ ನಕ್ಷೆ ತಪ್ಪು ಅಂತ ಹೊಳೆದಾಗ, ನಿಜ ಹೇಳಬೇಕೆಂದರೆ, ಖುಷಿಯೇ ಆಯಿತು. ಕಾಕಾಗೆ ತೋರಿಸಬೇಕು, ಅವರನ್ನು ಸೋಲಿಸಬೇಕು ಅಂತ ಬೇಲಿಯ ಕಡೆ ದಡಬಡಿಸಿ ನಡೆದೆ.

ಬೇಲಿಯ ಕಂಡಿಯಲ್ಲಿ ಕಾಕಾ ಕುಕ್ಕರುಗಾಲಲ್ಲಿ ಕೂತಿದ್ದರು. ಜೊತೆಗೆ ನನಗೆ ಗುರುತಿಲ್ಲದ ಇಬ್ಬರು ಗಂಡಸರು. ಜಾಲಿಯ ಬುಡಕ್ಕೆ ಬೈಕಿನ ಕ್ಲಚ್ ವೈರಿನ ಉರುಲು ಕಟ್ಟಿತ್ತು. ಅದರಲ್ಲಿ ಒಂದು ಹೆಣ್ಣು ಚಿಗರಿ. ಕುತ್ತಿಗೆ ಕೊಯ್ದುಹೋಗಿತ್ತು, ಹೊಟ್ಟೆ ತುಂಬು ಬಸುರಿಯದು. ಕಾಕಾ ಅದರ ಕೊರಳಿನಿಂದ ವೈರು ಬಿಡಿಸುತ್ತಿದ್ದರು.

ನನ್ನನ್ನು ಕಂಡು ಆ ಇಬ್ಬರೂ ಬೈಕ್ ಹತ್ತಿ ಹೋದರು. ಕಾಕಾ ಏಳಲಿಲ್ಲ. "ಇವತ್ತ್ಯಾಕ ಬಂದಿ?" ಅವರು ಕೇಳಿದ ಮೊದಲ ಮಾತು ಅದು.

"ಅಮಾಸಿಗಿ ಒಂದೂ ಬರಂಗಿಲ್ಲ ಅಂದಿದ್ರಿ."

"ಅಮಾಸಿಗಿ ಯಾರೂ ಎತ್ತ ಹೂಡಂಗಿಲ್ಲ. ಹೊಲದಾಗ ಮಂದಿ ಇರಂಗಿಲ್ಲ. ಅದಕ್ಕ ಅವತ್ತ ಉರುಲ ಹಾಕತೀವಿ. ನೀ ಬಂದು ಕುಂತ್ರ ಹೆಂಗ?"

"ಮತ್ತ ಹುಣ್ಣಿಮಿ ಮಾತು, ಬೆದಿ ಮಾತು?"

ಅವರು ಕೈಗೆ ಹತ್ತಿದ್ದನ್ನು ಮಣ್ಣಿಗೆ ಒರೆಸಿದರು. "ಅದು ಹಂಗ ಹೇಳಿದ್ದು. ನೀ ಬರ್ಕೊಂಡು ಖುಷೀಲೆ ಹೋಗತಿದ್ದಿ. ನನಗೇನ ಹೋಗೂದಿತ್ತು?"

ಆಗ ನನಗೆ ಫೋನಿನ ನೆನಪಾಯಿತು. "ಒಂದೂ ಇಲ್ಲ, ಬರ್ಕೊ" ಅಂತ ಅವರು ಹೇಳಿದ್ದು ಇದೇ ಬೇಲಿಯ ಹತ್ತಿರ ನಿಂತು, ಇದೇ ಕೈಯಲ್ಲಿ ಫೋನ್ ಹಿಡಿದು ಇರಬೇಕು. ನಾನು ಸೊನ್ನೆ ಬರೆದ ದಿನಗಳಲ್ಲಿ ಎಷ್ಟು ಸತ್ತವೋ ಗೊತ್ತಿಲ್ಲ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವ್ವ ಸೊಪ್ಪು ಸೋಸುವುದನ್ನು ನಿಲ್ಲಿಸಲಿಲ್ಲ. "ಊರಿಗೆಲ್ಲ ಗೊತ್ತೈತಿ ಅದು. ನಿನಗ ಹೇಳಿದ್ರ ನೀ ಸುಮ್ಮನಿರತಿದ್ದೇನು?"

ನನ್ನ ಕಾಲ ಕೆಳಗಿನ ನೆಲ ಜಾರಿದ್ದು ಬೇಲಿಯ ಹತ್ತಿರವಲ್ಲ, ಅಡುಗೆಮನೆಯಲ್ಲಿ. ಅಲ್ಲಿ ಒಬ್ಬರು ಸುಳ್ಳು ಹೇಳಿದ್ದರು. ಇಲ್ಲಿ ಎಲ್ಲರೂ ಕೂಡಿ ಎರಡು ವರ್ಷ ನನ್ನನ್ನು ಕೂಸಿನ ಹಾಗೆ ಆಡಿಸಿದ್ದರು.

ಮರುದಿನ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ದೂರು ಬರೆದುಕೊಟ್ಟೆ. ಹೊಲ ಎಲ್ಲಿ ಅಂತ ಬರೆಯುವವರೆಗೂ ಕೈ ಓಡಿತು, ಹೆಸರಿನ ಹತ್ತಿರ ನಿಂತಿತು. ಅಲ್ಲಿದ್ದ ಗಾರ್ಡ್ ನೀರು ತಂದುಕೊಟ್ಟ. ಕುಡಿದು, ಬರೆದೆ. ಕಾಕಾ ಕೆಲವು ದಿನ ಒಳಗಿದ್ದು ಜಾಮೀನಿನ ಮೇಲೆ ಬಂದರು. ಮೊಕದ್ದಮೆ ನಡೆದಿದೆ. ಅವ್ವ ನನ್ನ ಜೊತೆ ಎರಡು ತಿಂಗಳು ಮಾತು ಬಿಟ್ಟಳು. ಶಾಲೆಯಲ್ಲಿ ನಕ್ಷೆ ತೆಗೆದು, ಅದು ನಾನು ನೋಡದೆ ಬರೆದದ್ದು ಅಂತ ಮಕ್ಕಳಿಗೆ ಹೇಳಿದೆ. ಬರೆದುಕೊಟ್ಟಿದ್ದಕ್ಕೆ ಸಂಕಟವಿಲ್ಲ ಅಂದರೆ ಸುಳ್ಳಾಗುತ್ತದೆ.

ಈ ಬೇಸಿಗೆಯಲ್ಲಿ ಸುರಪುರದಲ್ಲಿ ಒಂದು ಮದುವೆ. ಊಟದ ಪಂಕ್ತಿಯಲ್ಲಿ ಕಾಕಾ ನನ್ನ ಎದುರಿಗೇ ಕೂತರು, ನನ್ನ ಕಡೆ ನೋಡಲಿಲ್ಲ. ಬಡಿಸುವವನು ಬಂದಾಗ ಮಾತ್ರ, "ಆಕಿಗಿ ಇನ್ನೊಂದ ಹೋಳಿಗಿ ಹಾಕ್ರಿ," ಅಂದರು. ನಾನು ಬೇಡ ಅನ್ನಲಿಲ್ಲ. ಊಟವಾದ ಮೇಲೆ ಅವರು ಯಾದಗಿರಿಯ ಬಸ್ಸು ಹತ್ತಿದರು, ನಾನು ಶಹಾಪುರದ್ದು.