ಐಸಿನಲ್ಲಿಟ್ಟ ಸೈನಿಕ

ಬೆಂಗ್ರೆಯಲ್ಲಿ ಹೊಳೆ ದಾಟಲು ಫೆರಿಗೆ ಕಾಯುತ್ತಿದ್ದೆ. ಪಕ್ಕದ ಮೀನಿನ ದೋಣಿಗೆ ಐಸ್ ಪುಡಿ ತುಂಬಿಸುತ್ತಿದ್ದರು. ಬಿಸಿಲಲ್ಲಿ ಬಿಳಿ ಪುಡಿ ಮೆಲ್ಲಗೆ ಹಾರಿ ಬಂದು ನನ್ನ ಕೈ ಮೇಲೆ ಕೂತಿತು. ನಾನು ವರ್ಷಗಟ್ಟಲೆ ಇದ್ದ ಫಿನ್‌ಲ್ಯಾಂಡಿನ ಹಿಮದ ಕಾಡು ಕಣ್ಣ ಮುಂದೆ ತೇಲಿತು. ಹಿಮದ ಮೇಲೆ ಜಾರಲು ಸ್ಕೀ ಪಟ್ಟಿ ಕಟ್ಟಿಕೊಂಡವನ ಹಾಗೆ ಕಾಲು ತನ್ನಷ್ಟಕ್ಕೆ ಮರಳಲ್ಲಿ ಜಾರತೊಡಗಿತು.

"ಎಂತ ಮಾರಾಯ್ರೆ, ತಲೆ ತಿರುಗ್ತದಾ?" ಎಂದರು ದೋಣಿಯ ಯಜಮಾನ ಹಮೀದಾಕ.

ಫಿನ್‌ಲ್ಯಾಂಡಿನ ಪೌರನಾದ ತಪ್ಪಿಗೆ ಅಲ್ಲಿನ ಕಡ್ಡಾಯ ಮಿಲಿಟ್ರಿಗೂ ಹೋಗಬೇಕಾಯಿತು, ಚಳಿಗಾಲವಿಡೀ ಹಿಮದ ಮೇಲೆ ಡೇರೆಯಲ್ಲಿ ಮಲಗಿದ್ದೆ ಎಂದೆ.

"ಅಷ್ಟು ಸಮಯ ಐಸಲ್ಲಾ?"

ಹತ್ತಿರ ಬಂದು, ಮೀನು ಕೊಳ್ಳುವವರ ಹಾಗೆ ನನ್ನ ಕಣ್ಣು ನೋಡಿದರು, ತೋಳು ಒತ್ತಿದರು.

"ಕಣ್ಣು ಒಳಗೆ ಹೋಗ್ಲಿಲ್ಲ. ಮಾಂಸ ಗಟ್ಟಿ ಉಂಟು. ಊರಿನ ಮಾಲೇ, ಸಂಶಯ ಇಲ್ಲ."

ಪೌರತ್ವ ಕೊಟ್ಟವರೂ ಸೇನೆಗೆ ಸೇರಿಸಿಕೊಂಡವರೂ ನನ್ನನ್ನು ಇಷ್ಟು ಪರೀಕ್ಷೆ ಮಾಡಿರಲಿಲ್ಲ. ಹಮೀದಾಕ ನನ್ನ ಕಿವಿರನ್ನೂ ಎತ್ತಿ ನೋಡುವ ಮೊದಲೇ ಫೆರಿ ಹತ್ತಿದೆ.