ತೀರ್ಥಕ್ಕ ಯಾರರ ನೀರು ಅಂತಾರೇನು

ಆಗಿನ್ನೂ ನಮ್ಮೂರಿನ ಮೊಬೈಲುಗಳಿಗೆ ಗುಂಡಿಗಳಿದ್ದವು. ಯಾರ ಫೋನು ಹೇಗೆ ಕೂಗುತ್ತದೆ ಎಂಬುದು ನನಗೆ ಮಗ್ಗಿಗಿಂತ ಚೆನ್ನಾಗಿ ಬಾಯಿಪಾಠವಾಗಿತ್ತು. ಕಟ್ಟೆಯ ಮೇಲೆ ಕುಳಿತ ಹಿರಿಯರ ಹಿಂದೆ ನಿಂತು ಬಾಯಿಂದಲೇ ಒಂದು ರಿಂಗು ಬಿಟ್ಟರೆ ಸಾಲಾಗಿ ಎಲ್ಲರೂ ಅಂಗಿಯ ಕಿಸೆಗೆ ಕೈ ಹಾಕುತ್ತಿದ್ದರು. ಸಂಶಿ ಬಸ್ಸಿನ ಕಂಡಕ್ಟರು, ನಮ್ಮ ಹೆಡ್‌ಮಾಸ್ತರರು, ಹಿಂಡಲು ಬಿಡದ ನಮ್ಮ ಎಮ್ಮೆ, ಯಾರನ್ನೂ ನಾನು ಬಿಟ್ಟವನಲ್ಲ. ಹೆಡ್‌ಮಾಸ್ತರರ ಮುಂದೆಯೇ ಹೆಡ್‌ಮಾಸ್ತರರಾಗಿ ಹೊಡೆತ ತಿನ್ನುತ್ತಿದ್ದೆ. ಮನೆಗೆ ಬಂದು, ಹೊಡೆತ ತಿಂದ ನನ್ನದೇ ಅಳುವನ್ನು ಮಾಡಿ ತೋರಿಸುತ್ತಿದ್ದೆ. ಎಲ್ಲಕ್ಕಿಂತ ಹೆಚ್ಚು ನಗು ಬೀಳುತ್ತಿದ್ದದ್ದು ಅದಕ್ಕೇ. ನಾನು ಅತ್ತರೆ ನನ್ನ ಮುಖ ಸುಟ್ಟ ಬದನೆಕಾಯಿಯ ಹಾಗೆ ಆಗುತ್ತದಂತೆ. ಹಾಗೆ ಹೇಳುತ್ತಿದ್ದವಳು ನನ್ನ ಅಕ್ಕ, ನೀಲಾ.

ನಾನು ಐದನೇ ಇಯತ್ತೆ, ಅವಳು ಒಂಬತ್ತನೆಯದು. ಆ ವರ್ಷ ಬಿಸಿಲು ಏರುವ ಹೊತ್ತಿಗೆ ಅವಳ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ್ದವು. ಅಪ್ಪ ಸಂಶಿ, ಕುಂದಗೋಳದ ನಡುವೆ ಟಂಟಂ ರಿಕ್ಷಾ ಓಡಿಸುತ್ತಿದ್ದ. ವಾರಕ್ಕೆ ಎರಡು ಸಲ ಅದೇ ರಿಕ್ಷಾದಲ್ಲಿ ಅವಳನ್ನು ಹುಬ್ಬಳ್ಳಿಯ ದವಾಖಾನೆಗೆ ಒಯ್ದು, ಯಂತ್ರಕ್ಕೆ ಹಾಕಿಸಿ ರಕ್ತ ತೊಳೆಸಿಕೊಂಡು ಬರುತ್ತಿದ್ದ. ಅವ್ವ ತನ್ನದೊಂದು ಕಿಡ್ನಿ ಕೊಡುತ್ತೇನೆಂದಳು, ಹೊಂದಲಿಲ್ಲ. ಅಪ್ಪನಿಗೆ ಸಕ್ಕರೆ ಕಾಯಿಲೆ ಇದ್ದುದರಿಂದ ಅವನದನ್ನು ಕೇಳಲೂ ಇಲ್ಲ. ನಂದ ತಗೋರಿ ಎಂದು ನಾನು ಮುಂದೆ ಬಂದೆ.

"ಇವನ ಕಿಡ್ನಿ ಹಾಕಿದ್ರ ನಾನೂ ಎಮ್ಮಿ ಗತೆ ಒದರಾಕ ಹತ್ತೀನಿ. ಬ್ಯಾಡ್ರಿ," ಎಂದಳು ಅಕ್ಕ.

ಉಳಿದದ್ದು ಎರಡೇ: ಹೊರಗಿನವರ ಕಿಡ್ನಿ ಸಿಗುವವರೆಗೆ ಕಾಯುವುದು, ಮತ್ತು ದೇವರು.

ಡಾಕ್ಟರು ನೀರಿಗೆ ಅಳತೆ ಹಾಕಿಕೊಟ್ಟಿದ್ದರು. ಮುಂಜಾನೆ ಒಂದು ಸಣ್ಣ ಬಾಟ್ಲಿ ತುಂಬಿಡಬೇಕು. ಚಹಾ, ಸಾರು, ಮಜ್ಜಿಗೆ ಎಲ್ಲ ಆ ಲೆಕ್ಕದಲ್ಲೇ ಬರಬೇಕು. ಅಕ್ಕ ಅರ್ಧ ಕಪ್ಪು ಚಹಾ ಕುಡಿದರೆ ಅವ್ವ ಬಾಟ್ಲಿಯಿಂದ ಅಷ್ಟೇ ನೀರನ್ನು ತೆಗೆದು ಕರಿಬೇವಿನ ಗಿಡಕ್ಕೆ ಹಾಕಿಬಿಡುತ್ತಿದ್ದಳು. ಆ ಬೇಸಿಗೆಯಲ್ಲಿ ನಮ್ಮ ಕರಿಬೇವಿಗೆ ಬಂದಷ್ಟು ಚಿಗುರು ಊರಿನಲ್ಲಿ ಬೇರೆ ಯಾರ ಗಿಡಕ್ಕೂ ಬರಲಿಲ್ಲ. ಕೊಡದಿಂದ ನೀರು ಬಗ್ಗಿಸುವ ಸಪ್ಪಳ ಕೇಳಿದರೆ ಅಕ್ಕನ ಗಂಟಲು ತಾನಾಗಿ ಆಡುತ್ತಿತ್ತು. ಅದನ್ನು ನೋಡಲಾರದೆ ಅವ್ವ ಕೊಡಗಳನ್ನೆಲ್ಲ ಹಿತ್ತಲಿಗೆ ಸಾಗಿಸಿದಳು. ನಾವು ಅಲ್ಲಿ ಹೋಗಿ, ಕಳ್ಳರ ಹಾಗೆ, ಗುಟುಕು ಸಪ್ಪಳವಾಗದಂತೆ ಕುಡಿದು ಬರುತ್ತಿದ್ದೆವು.

ಉಪ್ಪೂ ಇರಲಿಲ್ಲ. ಬಿಸಿ ಜೋಳದ ರೊಟ್ಟಿಯ ಮೇಲೆ ಸಪ್ಪನೆಯ ಹೀರೇಕಾಯಿ ಪಲ್ಯ. "ಯವ್ವಾ, ಇದು ಪಲ್ಯ ಅಲ್ಲ, ಪಲ್ಯದ ಫೋಟೋ," ಎನ್ನುತ್ತಿದ್ದಳು ಅಕ್ಕ. ಮಧ್ಯಾಹ್ನ ನಾವಿಬ್ಬರೂ ತಣ್ಣನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಮನೆ ಬರೆದು, ತಿಕ್ಕಿದ ಹುಣಸೆಬೀಜ ಹಾಕಿ ಚೌಕಾಬಾರ ಆಡುತ್ತಿದ್ದೆವು. ಸೋತರೆ ಅವಳು ಹೇಳಿದವರ ಧ್ವನಿಯನ್ನು ನಾನು ತೆಗೆಯಬೇಕು. ಗೆದ್ದರೂ ನಾನೇ ತೆಗೆಯಬೇಕು.

ಅವ್ವನ ಕಡೆಯಿಂದ ದೇವರಿಗೆ ಒಂದು ಗಳಿಗೆಯೂ ಬಿಡುವಿರಲಿಲ್ಲ. ಬೆಳಗ್ಗೆ ಜಳಕ ಮಾಡಿ, ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತರೆ ಒಂದೇ ಮಾತು: "ಆರಾಮ ಮಾಡಪ್ಪಾ. ನಮ್ಮ ಕೂಸಿಗೆ ಆರಾಮ ಮಾಡು." ಆಮೇಲೆ ಮಠದ ಅಯ್ಯನವರು ಬಂದು, ಮಂತ್ರ ಹೇಳಿ, ಅಕ್ಕನಿಗೆ ತೀರ್ಥ ಕುಡಿಸಿ ಹೋಗುತ್ತಿದ್ದರು. ಅವರ ಹಿಂದೆ ಬಾಜು ಮನೆಯ ಬೀಬಿ ಆಯಿ ದರ್ಗಾದಲ್ಲಿ ಓದಿಸಿ ಊದಿಸಿದ ನೀರಿನ ಸೀಸೆ ಹಿಡಿದು ಬರುತ್ತಿದ್ದಳು. ಸಂಜೆ ಬಸವಣ್ಣನ ಗುಡಿಯದ್ದು. ಯಾರಾದರೂ ಹೊಳೆಯ ಸಂಗಮಕ್ಕೆ ಹೋಗಿ ಬಂದರೆ ಅಲ್ಲಿಯದ್ದು. ಬಂದವರೆಲ್ಲ ಕೊಡುವವರೇ. ಅಕ್ಕ ಕೈಮೇಲೆ ಕೈ ಇಟ್ಟು ಬೊಗಸೆ ಒಡ್ಡಿ, ಕಣ್ಣು ಮುಚ್ಚಿ, ಕೊನೆಯ ಹನಿಯನ್ನು ಅಂಗೈಯಿಂದ ನೆಕ್ಕಿಯೂ ಬಿಡುತ್ತಿದ್ದಳು. ಊರಿನವರಿಗೆ ಅದು ಭಕ್ತಿಯಾಗಿ ಕಾಣುತ್ತಿತ್ತು. ಭಕ್ತಿಯೂ ಇತ್ತು, ಇಲ್ಲವೆನ್ನಲಾರೆ.

ಒಂದು ದಿನ ನಾನು ಕೇಳಿದೆ: "ಯವ್ವಾ, ಇದಕ್ಕ ಬಾಟ್ಲಿಯಿಂದ ಚೆಲ್ಲಾಂಗಿಲ್ಲೇನು?"

ಅವ್ವ ನನ್ನ ತಲೆಗೊಂದು ಮೊಟಕಿದಳು. "ತೀರ್ಥಕ್ಕ ಯಾರರ ನೀರು ಅಂತಾರೇನ್ಲೇ? ನಾಲಿಗಿ ಕಡದ ಬೀಳತೈತಿ."

ನಾಲಿಗೆಯೇ ನನ್ನ ಬಂಡವಾಳ. ಸುಮ್ಮನಾದೆ.

ಅಕ್ಕನ ಕಾಲು ಬಾತವು. ಆಮೇಲೆ ಮುಖ ಬಾತಿತು, ಕಣ್ಣು ಸಣ್ಣಗಾದವು. ಮಲಗಿದರೆ ಉಸಿರು ಸಿಗದೆ ಗೋಡೆಗೆ ಆತು ಕೂತೇ ನಿದ್ದೆ ಮಾಡತೊಡಗಿದಳು. ದವಾಖಾನೆಯಲ್ಲಿ ಡಾಕ್ಟರು ಪ್ರತಿ ಸಲವೂ ಬೈಯುತ್ತಿದ್ದರು. ಮೈಸೂರು ಕಡೆಯ ಹುಡುಗ ಡಾಕ್ಟರು. ಬೈದರೂ ಕಥೆ ಹೇಳಿದ ಹಾಗೆ ಕೇಳುತ್ತಿತ್ತು.

"ಏನಮ್ಮಾ ಇದು, ನೀರು ಜಾಸ್ತಿ ಕೊಡ್ತಿದೀರಲ್ವಾ?"

"ಲಿಂಗ ಮುಟ್ಟಿ ಹೇಳ್ತೀನ್ರಿ ಸಾಹೇಬ್ರ. ಒಂದ ಹನಿ ಹೆಚ್ಚಿಗಿ ಕೊಟ್ಟಿಲ್ರಿ."

ಅವಳು ಸುಳ್ಳು ಹೇಳಿರಲಿಲ್ಲ. ಬಾವು ಹೆಚ್ಚಿದಷ್ಟು ಅವ್ವನ ಹರಕೆ ಹೆಚ್ಚಿದವು. ಹರಕೆ ಹೆಚ್ಚಿದಷ್ಟು ತೀರ್ಥ ಹೆಚ್ಚಿತು. ಬಾವಿಗೂ ತೀರ್ಥಕ್ಕೂ ಇರುವ ನಂಟು ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಸಾಲಿಗೆ ಬೇಸಿಗೆಯ ಸೂಟಿ ಬಿಟ್ಟ ಮೇಲೆ ನಾನೂ ಜೊತೆಗೆ ಹೋಗತೊಡಗಿದೆ. ಕೈಗೆ ನಳಿಕೆ ಚುಚ್ಚಿಸಿಕೊಂಡು ಮಲಗಿದ್ದ ಅಕ್ಕ, "ಲೇ ಬಸ್ಯಾ, ಬ್ಯಾಸರ ಬಂದೈತಿ. ಮನ್ಯಾಗಿನ ಮುಂಜಾನಿ ಮಾಡಿ ತೋರಸು," ಎಂದಳು. ನಾನು ಸುರು ಮಾಡಿದೆ. ಮೊದಲು ಅಯ್ಯನವರು, ಮೂಗಿನಲ್ಲಿ ಮಂತ್ರ: "ತಗೋ ತಂಗಿ, ಇನ್ನೊಂದಿಷ್ಟು, ಸಂಕೋಚ ಬ್ಯಾಡ." ಆಮೇಲೆ ಬೀಬಿ ಆಯಿ, ಸೊಂಟದ ಮೇಲೆ ಕೈ: "ಪೂರಾ ಕುಡಿ ಬೇಟಾ, ತಳದಾಗ ಬರ್ಕತ್ ಐತಿ." ಆಮೇಲೆ ಗುಡಿಯ ಪೂಜಾರಿ, ಸಂಗಮದಿಂದ ಬಂದ ನಮ್ಮ ಅತ್ತೆ. ಆಜುಬಾಜಿನ ಹಾಸಿಗೆಯವರೂ ನಕ್ಕರು. ನನ್ನ ಬೆನ್ನ ಹಿಂದೆ ನಿಂತಿದ್ದ ಡಾಕ್ಟರೂ ನಕ್ಕರು. ಆಮೇಲೆ ಅವರ ನಗು ನಿಂತಿತು.

"ದಿನಾ ಹೀಗೇನಾ ಪುಟ್ಟಾ?"

"ಹೌದ್ರಿ ಸರ್. ಸೋಮವಾರ ಇನ್ನೂ ಭಾಳ ಮಂದಿ ಬರ್ತಾರ್ರಿ."

ಡಾಕ್ಟರು ಒಂದು ಖಾಲಿ ಗ್ಲಾಸು ತರಿಸಿ ಅವ್ವನ ಮುಂದಿಟ್ಟರು. ಒಬ್ಬೊಬ್ಬರೂ ಕೊಡುವಷ್ಟನ್ನು ಇದರಲ್ಲಿ ಹಾಕಿ ತೋರಿಸಿ ಎಂದರು. ಅವ್ವ ಅಯ್ಯನವರ ಹೆಸರು ಹೇಳಿ ಒಂದಿಷ್ಟು ಹಾಕಿದಳು, ಬೀಬಿ ಆಯಿಯ ಹೆಸರು ಹೇಳಿ ಒಂದಿಷ್ಟು. ಗುಡಿಯ ಹೆಸರು ಹೇಳಿ ಇನ್ನೊಂದಿಷ್ಟು ಹಾಕಿದಳು. ಗ್ಲಾಸು ತುಂಬಿ ತುದಿಗೆ ಬಂತು.

"ಅದು ತೀರ್ಥ ಐತ್ರಿ," ಎಂದಳು. ಯಾರಿಗೋ ನೆನಪು ಮಾಡಿಕೊಟ್ಟ ಹಾಗೆ.

"ಮೈಯೊಳಗೆ ಹೋದ್ಮೇಲೆ ಅದೂ ನೀರೇ ಅಮ್ಮಾ," ಎಂದರು ಡಾಕ್ಟರು. ಈ ಸಲ ಬೈಯಲಿಲ್ಲ. "ಕಣ್ಣಿಗೆ ಒತ್ತಿಕೊಳ್ಳಲಿ, ತಲೆ ಮೇಲೆ ಚಿಮುಕಿಸಿ. ಕುಡಿಸ್ಬೇಡಿ."

ಮರುದಿನ ಬೆಳಗ್ಗೆ ಅಯ್ಯನವರು ಬಂದಾಗ ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಇನ್ನ ಬ್ಯಾಡ್ರಿ, ಅಜ್ಜಾರ." ಕಾರಣವನ್ನು ಅಪ್ಪ ತಗ್ಗಿದ ದನಿಯಲ್ಲಿ ಹೇಳಿದ. ಮುದುಕರು ತಂಬಿಗೆ ಹಿಡಿದುಕೊಂಡು ಬಿಸಿಲಿನಲ್ಲೇ ನಿಂತು ಜೋಳಿಗೆಯಿಂದ ವಿಭೂತಿಯ ಗಟ್ಟಿ ತೆಗೆದರು. ಆಮೇಲೆ, "ಇಬತ್ತಿ ಅಷ್ಟರ ಹಚ್ಚಿ ಹೋಗ್ಲೇನವ್ವಾ? ಇದಕ್ಕ ನೀರ ಹತ್ತಿಲ್ಲ," ಎಂದರು. ನಾನು ಇವತ್ತಿಗೂ ಅಯ್ಯನವರ ಧ್ವನಿ ತೆಗೆಯುತ್ತೇನೆ. ಆ ಮಾತನ್ನು ಮಾತ್ರ ತೆಗೆಯಲು ಹೋಗುವುದಿಲ್ಲ.

ಅವ್ವ ಅಂದು ಲಿಂಗಪೂಜೆಗೆ ಕೂಡಲಿಲ್ಲ. ಪೂಜೆಯಿಲ್ಲದೆ ಉಣ್ಣುವ ರೂಢಿ ನಮ್ಮಲ್ಲಿಲ್ಲ. ಹಾಗಾಗಿ ಉಣ್ಣಲೂ ಇಲ್ಲ. ಮರುದಿನವೂ ಇಲ್ಲ. ಅಪ್ಪ ತಾಟು ಹಿಡಿದುಕೊಂಡು ಅವಳ ಮುಂದೆ ಕೂತ.

"ಏಳು, ಜಳಕ ಮಾಡು, ಒಂದ ತುತ್ತ ಉಣ್ಣು."

"ನಾ ದೇವರ್ನ ಏನ ಕೇಳ್ದೆ, ಅವ ಏನ ಮಾಡ್ಸಿದ ನೋಡ್ರಿ. ನನ್ನ ಕೈಲೇ ಕುಡಿಸ್ದ. ಕೂಸಿನ ಕೊಲ್ಲಾಕ ನನ್ನ ಕೈನ ಬೇಕಾಗಿತ್ತೇನು ಅವಂಗ?"

"ಹಂಗನಬ್ಯಾಡ."

"ಒಂದ ಮಾತ ಆಡ್ಲಿ ಅವ. ಹೂಂ ಅನ್ಲಿ, ಊಹೂಂ ಅನ್ಲಿ. ಆಮ್ಯಾಲ ಉಣ್ತೀನಿ."

ಅಪ್ಪ ತಾಟು ಮುಚ್ಚಿಟ್ಟು ಹೋಗಿ ರಿಕ್ಷಾದಲ್ಲಿ ಕೂತ. ಎಲ್ಲಿಗೂ ಹೋಗಲಿಲ್ಲ, ಸುಮ್ಮನೆ ಕೂತ.

ಅದೇ ಸಂಜೆ, ಬಿಸಿಲು ಇಳಿದ ಮೇಲೆ, ಪಡಸಾಲೆಯಲ್ಲಿ ಗೋಡೆಗೆ ಆತು ಕೂತಿದ್ದ ಅಕ್ಕ ನನ್ನನ್ನು ಕರೆದಳು. ಒಳಗೆ ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು.

"ಲೇ ಬಸ್ಯಾ. ದೇವರ ಧ್ವನಿ ತಗಿ."

"ಅವನ ಧ್ವನಿ ನಾ ಕೇಳೇ ಇಲ್ಲ."

"ಊರ ಮಂದೀನೆಲ್ಲಾ ಅಣಕಸ್ತಿ, ಅವನ್ನ ಯಾಕ ಬಿಡ್ತಿ? ತಗಿ."

ಎದೆಯುಬ್ಬಿಸಿ, ಕೈಯೆತ್ತಿ, "ಭಕ್ತೇ, ನಿನ್ನ ಭಕ್ತಿಗೆ ಮೆಚ್ಚಿದೆ," ಎಂದೆ.

"ಅದು ಟಿವಿ ದೇವ್ರು. ಅವ ಅಲ್ಲ."

ಮೂಗಿನಲ್ಲಿ ಮಂತ್ರ ಎಳೆದೆ.

"ಅದು ಅಜ್ಜಾರು. ಬರಂಗಿಲ್ಲಂದ್ರ ಬರಂಗಿಲ್ಲನ್ನು."

ನನಗೆ ಸಿಟ್ಟು ಬಂತು. ಬಾರದ ಧ್ವನಿ ಎಂದು ನನಗೆ ಯಾವುದೂ ಇರಲಿಲ್ಲ. ಅವಳ ಎದುರು ಕೂತು ಯೋಚಿಸಿದೆ. ದಪ್ಪವೋ ತೆಳ್ಳಗೋ, ನಮ್ಮ ಕಡೆಯ ಮಾತೋ ಮೈಸೂರಿನದೋ, ಏನೊಂದೂ ಹೊಳೆಯಲಿಲ್ಲ. ಅವಳ ಬಾತ ಮುಖವನ್ನು ನೋಡುತ್ತ ಬಾಯಿ ಮುಚ್ಚಿಕೊಂಡು ಕೂತೇ ಇದ್ದೆ. ಹಿತ್ತಲಲ್ಲಿ ಎಮ್ಮೆ ಬಾಲ ಬೀಸುವ ಸಪ್ಪಳ ಕೇಳುತ್ತಿತ್ತು. ಒಳಗೆ ಮೊರದ ಸಪ್ಪಳ ನಿಂತಿತ್ತು.

"ಹಾಂ," ಎಂದಳು ಅಕ್ಕ. "ಅಗದಿ ಬರೋಬರಿ ತಗದಿ."

"ಏನ ತಗದೆ? ನಾ ಬಾಯೇ ಬಿಟ್ಟಿಲ್ಲ."

"ಹಿಂಗ ಕುಂದರ್ತಾನ ಅವ. ಮಾತಾಡಂಗಿಲ್ಲ. ಎದ್ದೂ ಹೋಗಂಗಿಲ್ಲ." ಉಸಿರಿಗೆ ತಡೆದು, ಒಳಗೆ ಮುಖ ಮಾಡಿ ಧ್ವನಿ ಏರಿಸಿದಳು. "ಯವ್ವಾ, ಕೇಳಿದೇನು? ಅವ ಆಡೂ ಮಾತ ಇಷ್ಟ. ಏಳು, ಉಣ್ಣು."

"ಹುಚ್ಚಿ," ಎಂದಳು ಅವ್ವ ಒಳಗಿನಿಂದ. ಬಹಳ ಹೊತ್ತಿನ ಮೇಲೆ ಬಚ್ಚಲಲ್ಲಿ ನೀರು ಸುರಿದುಕೊಳ್ಳುವ ಸಪ್ಪಳ ಕೇಳಿತು. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಳು. ಆರಾಮ ಮಾಡು ಎನ್ನಲಿಲ್ಲ. ಅಂದಿನಿಂದ ಮುಂದೆಯೂ ಎನ್ನಲಿಲ್ಲ. "ಎದ್ದ ಹೋಗಬ್ಯಾಡಪ್ಪಾ," ಎನ್ನುತ್ತಿದ್ದಳು, ಅಷ್ಟೇ.

ತೀರ್ಥ ನಿಂತ ಮೇಲೆ ಬಾವು ಇಳಿಯಿತು. ಕಣ್ಣು ಮತ್ತೆ ದೊಡ್ಡವಾದವು. ಪಥ್ಯವಿದ್ದುದರಿಂದ ಅವಳು ಮಾವಿನಹಣ್ಣು ತಿನ್ನುವ ಹಾಗಿರಲಿಲ್ಲ. ಒಂದನ್ನು ತಲೆದಿಂಬಿನ ಹತ್ತಿರ ಇಟ್ಟುಕೊಂಡು ವಾಸನೆ ನೋಡುತ್ತಿದ್ದಳು. ನಾವೆಲ್ಲ ಬದುಕಿಕೊಂಡೆವು ಎಂದುಕೊಂಡೆವು. ಅಷ್ಟರಲ್ಲಿ ಜ್ವರ ಬಂತು. ನಳಿಕೆ ಹಾಕಿದ ಜಾಗಕ್ಕೆ ನಂಜಾಗಿದೆ ಎಂದರು. ಆಗ ನಾನೂ ಗುಡಿಗೆ ಹೋಗಿ ಹರಕೆ ಹೊತ್ತೆ: ಅಕ್ಕನಿಗೆ ಆರಾಮ ಆದರೆ ಇನ್ನು ಜೀವಮಾನದಲ್ಲಿ ಯಾರನ್ನೂ ಅಣಕಿಸುವುದಿಲ್ಲ. ಮಧ್ಯಾಹ್ನದವರೆಗೆ ಬಾಯಿ ಬಿಗಿಹಿಡಿದಿದ್ದೆ. ಅಕ್ಕ ಜ್ವರದಲ್ಲೇ ಹೇಗೋ ಕಂಡುಹಿಡಿದಳು.

"ನೀ ಹಂಗ ಮಾಡಿದ್ರ ಅವಂಗೂ ಬ್ಯಾಸರಾಗತೈತಿ. ಕಂಡಕ್ಟರ್ನ ತಗಿ."

ತೆಗೆದೆ. ಹರಕೆ ಮುರಿಯಿತು. ಮುರಿಯದಿದ್ದರೆ ಏನಾಗುತ್ತಿತ್ತು ಎಂದು ಹತ್ತು ವರ್ಷದ ಹುಡುಗ ಎಷ್ಟು ಲೆಕ್ಕ ಹಾಕಿರಬಹುದೋ ಅಷ್ಟೂ ಹಾಕಿದ್ದೇನೆ.

ಸಾಲಿ ಸುರುವಾಗುವ ಮೊದಲೇ, ಮೊದಲ ಮಳೆಗೆ ಎರೆ ಮಣ್ಣು ಕಾಲಿಗೆ ಅಂಟುವ ಹೊತ್ತಿಗೆ, ಅಕ್ಕ ಹೋದಳು. ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿ ಹಣೆಗೆ ವಿಭೂತಿ ಹಚ್ಚಿದರು. ಅಯ್ಯನವರು ತೀರ್ಥದ ತಂಬಿಗೆ ಹಿಡಿದು ಅವ್ವನ ಮುಖ ನೋಡಿದರು. ಅವ್ವ ತಾನೇ ಅದನ್ನು ಇಸಕೊಂಡಳು.

"ಕುಡಿ, ನನ್ನವ್ವ. ಈಗ ಎಷ್ಟ ಬೇಕೋ ಅಷ್ಟ ಕುಡಿ."

ಬಾಯಿಂದ ಇಳಿದು ಕೊರಳು, ರವಿಕೆ ಎಲ್ಲ ತೊಯ್ದರೂ ನಿಲ್ಲಿಸಲಿಲ್ಲ. ಬೀಬಿ ಆಯಿ ತನ್ನ ಸೀಸೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲ ಹೊರಗೆ ನಿಂತಿದ್ದಳು. "ಬಾ ಆಯಿ," ಎಂದಳು ಅವ್ವ, "ನಿಂದೂ ಹಾಕು."

ಈಗ ನಾನು ಮದುವೆ ಮನೆಗಳಲ್ಲಿ ಮಿಮಿಕ್ರಿ ಮಾಡುತ್ತೇನೆ. ಅಣ್ಣಿಗೇರಿ, ನವಲಗುಂದದ ಕಡೆಯಿಂದಲೂ ಕರೆ ಬರುತ್ತದೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಮೊನ್ನೆ ಒಂದು ಕಾರ್ಯಕ್ರಮ ಮುಗಿಸಿ ಬಂದು ಚಹಾ ಕುಡಿಯುತ್ತ ಕೂತಿದ್ದಾಗ ಅವ್ವ ಹೇಳಿದಳು:

"ಎಲ್ಲಾರ್ದೂ ತಗೀತಿ. ನೀಲಾಂದು ಒಂದ ಸಲ ತಗಿಯೋ. ನಂಗ ಮರತ ಹೋಗಾಕ ಹತ್ತೈತಿ."

ನಾನು ಬಾಯಿ ತೆರೆದೆ. ಊರಿನವರನ್ನೆಲ್ಲ ಅಣಕಿಸಿದ್ದು ಅಕ್ಕನಿಗಾಗಿ. ಅವಳನ್ನು ಯಾವತ್ತೂ ಅಣಕಿಸಿರಲಿಲ್ಲ. ಆದರೂ ತೆಗೆದೆ. "ಲೇ ಬಸ್ಯಾ," ಎಂದೆ. ಬಂದದ್ದು ಅವ್ವನ ಧ್ವನಿ.

"ಅದು ನಂದು," ಎಂದಳು ಅವ್ವ. "ಆಕಿದು ಇನ್ನೂ ಸಣ್ಣಗಿತ್ತು."

ಇನ್ನೂ ಸಣ್ಣಗೆ ತೆಗೆದೆ. ಮತ್ತೂ ಸಣ್ಣಗೆ. ಹಾಸಿಗೆಯ ಮೇಲಿದ್ದ ಅಪ್ಪ ಗೋಡೆಯ ಕಡೆ ಹೊರಳಿದ.

"ಹಾಂ, ಸನೇಕ ಬಂತು, ಹತ್ರ ಬಂತು," ಎಂದಳು ಅವ್ವ, ಕಣ್ಣು ಮುಚ್ಚಿಕೊಂಡು.

ಬಂತೋ ಇಲ್ಲವೋ, ನನಗೆ ಗೊತ್ತಿಲ್ಲ. ನಾನು ತೆಗೆದ ಧ್ವನಿ ಸರಿಯಿದೆಯೋ ಇಲ್ಲವೋ ಎಂದು ಹೇಳುತ್ತಿದ್ದವಳು ಅಕ್ಕ ಒಬ್ಬಳೇ.