ಕಸ್ತೂರಿರಂಗ ಮೇಷ್ಟ್ರು ಬರೆದ ನೀಲಿ ಎಮ್ಮೆ

ಕಸ್ತೂರಿರಂಗ ಮೇಷ್ಟ್ರು ಮಳವಳ್ಳಿಯ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದವರು. ನಿವೃತ್ತರಾದ ಮೇಲೆ ಮಂಡ್ಯದ ಗುತ್ತಲಿನಲ್ಲಿ ಮನೆ ಮಾಡಿಕೊಂಡು ಹೆಂಡತಿ ಚೂಡಾಮಣಿಯೊಂದಿಗೆ ಇದ್ದಾರೆ. ಮಕ್ಕಳ ಕಥೆಪುಸ್ತಕಗಳಿಗೆ ಚಿತ್ರ ಬರೆಯುವುದು ಅವರ ಜೀವ. ಕಾಗೆ ಬರೆಯಬೇಕಾದರೆ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಕಾಗೆ ನೋಡಿಕೊಂಡೇ ಬರುತ್ತಿದ್ದರು. ಯಾರಾದರೂ ನಕ್ಕರೆ, "ದೊಡ್ಡವರು ಚಿತ್ರ ನೋಡಿ ಪುಟ ತಿರುಗಿಸ್ತಾರೆ. ಮಗು ಹಾಗಲ್ಲ, ಕಾಗೆಯ ಕಾಲುಗುರು ಎಣಿಸುತ್ತೆ" ಅನ್ನುತ್ತಿದ್ದರು.

ಅವರ ಶಿಷ್ಯೆ ಅಮೃತ. ಮಳವಳ್ಳಿಯ ಹುಡುಗಿ, ಮದುವೆಯಾಗಿ ಹನಕೆರೆಗೆ ಬಂದವಳು. ಮದ್ದೂರಿನ ಕಡೆಯ ಒಂದು ಹಳ್ಳಿಯಲ್ಲಿ ಪ್ರೈಮರಿ ಶಾಲೆಯ ಟೀಚರು. ತರಗತಿಯಲ್ಲಿ ಮಕ್ಕಳಿಗೆ ಹೇಳಿದ ಕಥೆಗಳನ್ನೇ ಬರೆಯಲು ಶುರುಮಾಡಿ, ಎರಡು ಪುಸ್ತಕ ತಂದಿದ್ದಳು. ಎರಡಕ್ಕೂ ಮೇಷ್ಟ್ರದೇ ಚಿತ್ರ. ಮೂರನೆಯದು, ಕೆರೆಗಿಳಿದ ಎಮ್ಮೆಯೊಂದು ಏನು ಮಾಡಿದರೂ ಮೇಲೆ ಬರಲೊಪ್ಪದೆ ಊರನ್ನೆಲ್ಲ ದಂಡೆಯ ಮೇಲೆ ಕೂರಿಸಿಕೊಂಡ ಕಥೆ. ಓದಿ ಮೇಷ್ಟ್ರು ಒಬ್ಬರೇ ಕೂತು ಜೋರಾಗಿ ನಕ್ಕಿದ್ದರು.

ಆದರೆ ಅಷ್ಟು ಹೊತ್ತಿಗೆ ಅವರ ಕಣ್ಣು ಮಂಜಾಗತೊಡಗಿತ್ತು. ದೀಪದ ಸುತ್ತ ಬಳೆಯಂಥ ಬೆಳಕಿನ ಸುತ್ತು ಕಾಣುತ್ತಿತ್ತು. ಬಣ್ಣದ ಟ್ಯೂಬಿನ ಮೇಲಿನ ಹೆಸರು ಓದಲು ಭೂತಗನ್ನಡಿ ಬೇಕಾಯಿತು. ಒಂದು ದಿನ ಕಾಫಿಯನ್ನು ಲೋಟದ ಪಕ್ಕಕ್ಕೇ ಬಗ್ಗಿಸಿಬಿಟ್ಟರು. "ಏನ್ರೀ ಇದು?" ಎಂದು ಚೂಡಾಮಣಿ ಕೇಳಿದರೆ, "ಬೆಳಕು ಸಾಲದು" ಅಂದರು. ಮಟಮಟ ಮಧ್ಯಾಹ್ನ ಅದು. ಆಕೆ ಅವರ ಮುಖವನ್ನೇ ನೋಡಿ, ಬಟ್ಟೆ ತಂದು ನೆಲ ಒರೆಸಿದರು.

ಡಾಕ್ಟರ ಹತ್ತಿರ ಹೋಗದಿರಲು ಕಾರಣವಿತ್ತು. ಅವರ ತಂದೆಗೆ ಇದೇ ವಯಸ್ಸಿನಲ್ಲಿ ಕಣ್ಣಿನೊಳಗಿನ ಒತ್ತಡ ಏರುವ ಕಾಯಿಲೆ ಬಂದು, ಎರಡೂ ಕಣ್ಣು ಪೂರ್ತಿ ಹೋಗಿತ್ತು. ಅಪ್ಪ ಗೋಡೆ ತಡವಿಕೊಂಡು ಬಚ್ಚಲಿಗೆ ಹೋಗುತ್ತಿದ್ದುದು ಮೇಷ್ಟ್ರ ಮನಸ್ಸಿನಿಂದ ಹೋಗಿರಲಿಲ್ಲ. ತನಗೂ ಅದೇ ಎಂದು ಒಳಗೊಳಗೇ ತೀರ್ಮಾನಿಸಿ, ಕಣ್ಣಿರುವಷ್ಟು ದಿನ ಬರೆದುಬಿಡೋಣ ಎಂದು ಎಮ್ಮೆಯ ಚಿತ್ರಗಳನ್ನು ಅವಸರದಲ್ಲಿ ಮುಗಿಸಿದರು.

ಅಚ್ಚಿಗೆ ಕಳಿಸುವ ಮುಂಚೆ ಚಿತ್ರಗಳನ್ನು ತನ್ನ ತರಗತಿಯ ಮಕ್ಕಳಿಗೆ ತೋರಿಸುವುದು ಅಮೃತಳ ರೂಢಿ. ಈ ಸಲ ಮೇಷ್ಟ್ರನ್ನೂ ಕರೆದುಕೊಂಡು ಹೋದಳು. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ನೋಡಿದರು. ಮುಂದೆ ಕೂತಿದ್ದ ದೀಪಿಕ ಎಂಬ ಹುಡುಗಿ ಎದ್ದು ನಿಂತಳು.

"ಸಾ, ಎಮ್ಮೆ ಯಾಕೆ ನೀಲಿ ಅದೆ?"

ಮೇಷ್ಟ್ರು ನಕ್ಕರು. "ನೀಲಿ ಅಲ್ಲಮ್ಮ, ಕಪ್ಪು. ಸರಿಯಾಗಿ ನೋಡು."

"ಇಲ್ಲ ಕಣ್ ಸಾ, ಇಂಕಿನಂಗದೆ. ಕಬ್ಬಿನ ಗದ್ದೇನೂವೆ ನೀಲಿ."

"ದಂಡೆ ಮೇಲ್ ಕುಂತಿರೋ ಅವ್ವನ ಮುಖಾನೂ ನೀಲಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ತರಗತಿಯೆಲ್ಲ ನಗು. ಅಣಕದ ನಗುವಲ್ಲ, ಮಕ್ಕಳಿಗೆ ನಿಜಕ್ಕೂ ಖುಷಿಯಾಗಿತ್ತು. ಆದರೆ ಮೇಷ್ಟ್ರು ಚಿತ್ರವನ್ನು ಕಣ್ಣಿನ ಹತ್ತಿರಕ್ಕೆ ತಂದು ನೋಡಿದರು; ಅವರಿಗೆ ಕಪ್ಪೇ ಕಂಡಿತು. ಅಮೃತಳ ಕಡೆ ತಿರುಗಿದರು. ಅವಳು ನಗುತ್ತಿರಲಿಲ್ಲ.

ಮದ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಮಂಡ್ಯದ ಬಸ್ಸಿಗೆ ಕಾಯುತ್ತ ಕೂತಾಗ ಅವಳೇ ಕೇಳಿದಳು. "ಮೇಷ್ಟ್ರೆ, ಚಿತ್ರ ಕೊಟ್ಟ ದಿನಾನೇ ನಂಗೆ ಅನ್ಸ್ತು. ನೀವು ಬೇಕಂತ್ಲೇ ಹಂಗೆ ಬರ್ದಿದೀರೇನೋ ಅನ್ಕೊಂಡು ಸುಮ್ನಾದೆ. ಬೇಕಂತ್ಲೇ ಬರ್ದಿದ್ದಾ?"

ಮೇಷ್ಟ್ರು ಎಲ್ಲ ಹೇಳಿಕೊಂಡರು, ಅಪ್ಪನ ಕಥೆಯನ್ನೂ. ಕೊನೆಗೆ, "ಗೊತ್ತಾಗದೇ ಇದ್ದರೆ ಇನ್ನೊಂದಷ್ಟು ದಿನ ಧೈರ್ಯವಾಗಿ ಬರೀಬಹುದು ಅನ್ನಿಸ್ತಮ್ಮ" ಅಂದರು.

"ಗೊತ್ತಾಗ್ದೇ ಇದ್ರೆ ಎಮ್ಮೆ ನೀಲಿ ಆಯ್ತದೆ, ಅಷ್ಟೇಯ" ಅಂದಳು ಅಮೃತ. ಆಮೇಲೆ ದನಿ ತಗ್ಗಿಸಿ, "ನಾನು ಮಳವಳ್ಳೀಲಿ ಏಳನೇ ಕ್ಲಾಸಿದ್ದಾಗ ಓದೋದು ಅಂದ್ರೆ ಆಗ್ತಿರ್ಲಿಲ್ಲ. ನಿಮ್ಮ ಚಿತ್ರ ಇದ್ದ ಪುಸ್ತಕ ಬಿಚ್ದೆ. ಚಿತ್ರದೊಳಗೆ ಏನಾಗ್ತಿದೆ ಅಂತ ತಿಳ್ಕೊಳೋಕೆ ಪಕ್ಕದ ಅಕ್ಷರ ಓದ್ದೆ. ಅಲ್ಲಿಂದ ಶುರುವಾಗಿದ್ದು ನಂದು. ನಾಳೆ ಆಸ್ಪತ್ರೆಗೆ ಹೋಗಣ, ಬೇಡ ಅನ್ಬೇಡಿ" ಅಂದಳು.

ಮಾರನೆಯ ದಿನ ಅವಳು ರಜೆ ಹಾಕಿ ಬಂದಳು. ಮಂಡ್ಯದ ಕಣ್ಣಿನ ಡಾಕ್ಟರಮ್ಮ ಹನಿ ಹಾಕಿ, ಯಂತ್ರದ ಮುಂದೆ ಗಲ್ಲ ಇಡಿಸಿ, ಬಹಳ ಹೊತ್ತು ನೋಡಿದರು. ಮೇಷ್ಟ್ರು ಜೊತೆಗೆ ಬಂದಿದ್ದ ಚೂಡಾಮಣಿಯ ಕೈ ಬಿಟ್ಟಿರಲಿಲ್ಲ.

"ಒತ್ತಡ ಸರಿಯಾಗೇ ಇದೆ. ನರಾನೂ ಚೆನ್ನಾಗಿದೆ. ನಿಮ್ಮ ತಂದೆಯವರಿಗೆ ಇದ್ದದ್ದು ನಿಮಗಿಲ್ಲ" ಅಂದರು ಡಾಕ್ಟರಮ್ಮ. "ಇದು ಬರೀ ಪೊರೆ. ತೆಗೆದರೆ ಸರಿಹೋಗುತ್ತೆ."

"ಇನ್ನೊಂದ್ಸಲ ಹೇಳಿ" ಅಂದರು ಮೇಷ್ಟ್ರು.

ಆಕೆ ಮತ್ತೆ ಹೇಳಿದರು. ಪೊರೆ ಹಳದಿಯಾಗಿ ನೀಲಿಯನ್ನು ತಡೆಯುತ್ತಿತ್ತು, ಅದಕ್ಕೇ ಅವರು ತಮಗೇ ತಿಳಿಯದೆ ನೀಲಿ ಹೆಚ್ಚು ಹಚ್ಚುತ್ತಿದ್ದರು ಎಂದೂ ವಿವರಿಸಿದರು. ಹೊರಗೆ ಬಂದ ಮೇಲೆ ಚೂಡಾಮಣಿ ಸೆರಗಿನಿಂದ ಕಣ್ಣೊರೆಸಿಕೊಂಡು ಬೈದರು: "ಇಷ್ಟು ದಿನ ನನ್ನ ಹತ್ರಾನೂ ಮುಚ್ಚಿಟ್ಟಿರಲ್ಲಾ! ನಾನೇನು ಪಕ್ಕದ ಮನೆಯೋಳಾ?" ಮೇಷ್ಟ್ರು ಬೈಸಿಕೊಂಡರು. ಬೈಗುಳ ಅಷ್ಟು ಹಿತವಾಗಿ ಎಂದೂ ಕೇಳಿರಲಿಲ್ಲ. ಹೋಟೆಲಿಗೆ ಹೋಗಿ ಮೂವರೂ ದೋಸೆ ತಿಂದರು. ಮೇಷ್ಟ್ರು ಎರಡು ತಿಂದರು.

ಮೊದಲ ಕಣ್ಣಿನ ಆಪರೇಷನ್ ಆಗಿ ಪಟ್ಟಿ ಬಿಚ್ಚಿದಾಗ, ಕೆನೆಬಣ್ಣ ಎಂದುಕೊಂಡಿದ್ದ ಮನೆಯ ಗೋಡೆ ಬೆಳ್ಳಗಿತ್ತು. ಹೆಂಡತಿಯ ಸೀರೆಯ ಅಂಚಿನಲ್ಲಿ ಹೂವಿತ್ತು. ಎಮ್ಮೆಯ ಚಿತ್ರಗಳನ್ನು ತರಿಸಿ ನೋಡಿ, "ಅಯ್ಯೋ ರಾಮ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಎಲ್ಲವನ್ನೂ ಮತ್ತೆ ಬರೆಯಬೇಕೆಂದರು. ಪುಸ್ತಕದ ಪ್ರಕಾಶಕರೂ ಒಪ್ಪಿ ಕಾದರು. ಎರಡನೆಯ ಕಣ್ಣೂ ಸರಿಯಾದ ಮೇಲೆ ಮೇಷ್ಟ್ರು ಹನಕೆರೆಗೆ ಹೋಗಿ, ಅಮೃತಳ ಅತ್ತೆ ಅಂಕಮ್ಮನ ಕೊಟ್ಟಿಗೆಯ ಮುಂದೆ ಸ್ಟೂಲು ಹಾಕಿಕೊಂಡು ಕೂತರು. ಕಪ್ಪು ಅಂದುಕೊಂಡಿದ್ದರಲ್ಲಿ ಎಷ್ಟು ಬಣ್ಣ! ಬೆನ್ನಿನ ಮೇಲೆ ಮಣ್ಣಿನ ಕಂದು, ಕಿವಿಯೊಳಗೆ ನಸುಗೆಂಪು, ಕೊಂಬಿನಲ್ಲಿ ಬೂದಿ.

ಅಂಕಮ್ಮ ಮಜ್ಜಿಗೆ ತಂದುಕೊಟ್ಟು, "ಏನ್ ಸ್ವಾಮಿ, ಎಣ್ಣು ನೋಡಾಕೆ ಬಂದೋರಂಗೆ ಕುಂತಿದೀರಿ?" ಅಂದರು.

"ಹೌದು ಕಣಮ್ಮ, ಒಪ್ಪಿಗೆಯಾಯ್ತು" ಅಂದರು ಮೇಷ್ಟ್ರು.

ಪುಸ್ತಕ ಬಂದಿದೆ. ಈಗ ಮೇಷ್ಟ್ರ ಮೇಜಿನ ಮೇಲೆ ಅಮೃತಳ ಹೊಸ ಕಥೆಯಿದೆ. ಅದರಲ್ಲಿ ಒಂದು ಹಿಂಡು ಬಾತುಕೋಳಿ ಬರುತ್ತವಂತೆ. "ಅಷ್ಟೊಂದು ಬಾತುಕೋಳಿ ಯಾಕಮ್ಮ, ಒಂದೆರಡು ಸಾಲದಾ?" ಎಂದು ಫೋನಿನಲ್ಲಿ ಜಗಳವಾಡುತ್ತಲೇ ಅವರು ಪೆನ್ಸಿಲ್ ಚೂಪು ಮಾಡುತ್ತಾರೆ. ಕಿಟಕಿಯಿಂದ ಬೆಳಗಿನ ಬಿಸಿಲು ಹಾಳೆಯ ಮೇಲೆ ಬಿದ್ದಿರುತ್ತದೆ.